ರೋಜರ್ ವಿಲಿಯಮ್ಸನ ಚರಿತ್ರೆ

ಅಮೇರಿಕ ದೇಶದ ಐವತ್ತು ಸಂಸ್ಥಾನಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ರೋಡ್ ಐಲೆಂಡ್ ಎಂಬದು. ಪೂರ್ವ ಸಮುದ್ರತೀರದಲ್ಲಿರುವ ಈ ಸೀಮೆಯ ಉದ್ದವು ಸುಮಾರು ೪೮ ಮೈಲು, ಅಗಲವು ಸುಮಾರು ೩೭ ಮೈಲು ಮಾತ್ರ. ಆದರೂ ಮನುಷ್ಯನ ಮನಸ್ಸಾಕ್ಷಿಯ ಮೇಲೆ ಸರಕಾರಕ್ಕೆ ಅಧಿಕಾರವಿಲ್ಲವೆಂಬ ನಿಯಮದ ಮೇಲೆ ಮೊಟ್ಟಮೊದಲು ಕಟ್ಟಲ್ಪಟ್ಟ ಸೀಮೆಗಳಲ್ಲಿ ಇದು ಒಂದಾದದರಿಂದ ಇದರ ಹೆಸರು ದೊಡ್ಡದಾಯಿತು. ಇದಕ್ಕೆ ಅಸ್ತಿವಾರ ಹಾಕಿದವನು ರೋಜರ್ ವಿಲಿಯಮ್ಸನು. ಆತನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ವಿಲಿಯಮ್ಸನು ಸುಮಾರು ೧೬೦೩ರಲ್ಲಿ ಲಂಡನ್ ಪಟ್ಟಣದಲ್ಲಿ ಒಬ್ಬ ವ್ಯಾಪಾರಿಯ ಮಗನಾಗಿ ಹುಟ್ಟಿದನು. ಬಾಲ್ಯದಲ್ಲಿಯೇ ಆತನು ಶೀಘ್ರಲಿಪಿಯನ್ನು ಕಲಿತಿದ್ದನು. ಸರ್ ಎಡ್ವರ್ಡ್ ಕೋಕ್ ಎಂಬ ಪ್ರಸಿದ್ಧ ನ್ಯಾಯಾಧಿಪತಿಯು ಹುಡುಗನ ಜಾಣತನವನ್ನು ಕಂಡು ಅವನನ್ನು ಒಳ್ಳೇ ಶಾಲೆಗೆ ಸೇರಿಸಿದನು. ೧೬೨೭ರಲ್ಲಿ ಕೇಂಬ್ರಿಜ್ ವಿದ್ಯಾಪೀಠದ ಪದವಿಯು ದೊರಕಿತು. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಅರಸನು ನೇಮಿಸಿದ ರೀತಿಯನ್ನು ಬಿಟ್ಟು ಆರಾಧನೆ ಮಾಡುವವರಿಗೆ ದಂಡನೆಯೂ ಸೆರೆಯೂ ಉಂಟಾಗುತ್ತಿದ್ದವು. ಆದಕಾರಣ ವಿಲಿಯಮ್ಸನು ಪತ್ನಿಯಾದ ಮೇರಿಯೊಡನೆ ಹಡಗು ಹತ್ತಿ ೧೬೩೧ನೇ ಫೆಬ್ರವರಿಯಲ್ಲಿ ಅಮೇರಿಕದ ಮ್ಯಾಸಚೂಸೆಟ್ಸ್ ಸೀಮೆಯನ್ನು ಮುಟ್ಟಿದನು.

ಅಲ್ಲಿದ್ದ ಪ್ಯೂರಿಟನರು ಸಹ ಅದೇ ಹಿಂಸೆಗೆ ಹೆದರಿ ಬಂದವರೇ. ಆದರೆ ತಾವು ಅಧಿಕಾರಕ್ಕೆ ಬಂದ ಮೇಲೆ ತಮ್ಮಿಂದ ಭೇದಿಸುವವರನ್ನು ತಾವೂ ದಂಡಿಸತೊಡಗಿದರು. ವಿಲಿಯಮ್ಸನು ಸೇಲಂ ಊರಿನ ಸಭೆಯಲ್ಲಿ ಬೋಧಿಸುತ್ತಾ ಎರಡು ಸಂಗತಿಗಳನ್ನು ಮುಚ್ಚುಮರೆಯಿಲ್ಲದೆ ಹೇಳಿದನು. ಮೊದಲನೆಯದು, ಹತ್ತು ಆಜ್ಞೆಗಳಲ್ಲಿ ದೇವರಿಗೆ ಸಂಬಂಧಪಟ್ಟ ಮೊದಲಿನ ಹಲಗೆಯನ್ನು ಮೀರಿದವರನ್ನು ಶಿಕ್ಷಿಸುವದು ಸರಕಾರದ ಕೆಲಸವಲ್ಲ; ಕೊಲೆ, ಕಳವು ಮುಂತಾದ ಅಪರಾಧಗಳಿಗೆ ಮಾತ್ರ ಅದರ ಖಡ್ಗವು ಸಲ್ಲುವದು. ಎರಡನೆಯದು, ಆ ನೆಲವು ಅಲ್ಲಿನ ಮೂಲ ನಿವಾಸಿಗಳದು; ಇಂಗ್ಲೆಂಡಿನ ಅರಸನ ಸನ್ನದು ಇದ್ದ ಮಾತ್ರಕ್ಕೆ ಅದು ಬಿಳಿಯರದಾಗದು, ಒಡೆಯರಿಗೆ ಬೆಲೆಕೊಟ್ಟು ಕೊಳ್ಳಬೇಕು. ಅಧಿಕಾರಿಗಳಿಗೆ ಈ ಎರಡೂ ಸಹನವಾಗಲಿಲ್ಲ. ೧೬೩೫ನೇ ಅಕ್ಟೋಬರಿನಲ್ಲಿ ಅವರು ಆತನಿಗೆ ಗಡೀಪಾರಿನ ಶಿಕ್ಷೆ ವಿಧಿಸಿದರು.

ಬಾಯಿ ಮುಚ್ಚಿಕೊಂಡಿದ್ದರೆ ವಸಂತಕಾಲದ ವರೆಗೆ ಇರಬಹುದೆಂದು ಅಪ್ಪಣೆಯಾಗಿತ್ತು. ಆದರೆ ಜನರು ಆತನ ಮನೆಗೆ ಬಂದು ಕೇಳುತ್ತಲೇ ಇದ್ದರು, ಆತನೂ ಹೇಳುತ್ತಲೇ ಇದ್ದನು. ೧೬೩೬ನೇ ಜನವರಿಯಲ್ಲಿ ಆತನನ್ನು ಹಿಡಿದು ಹಡಗಿನಲ್ಲಿ ಹಿಂದಕ್ಕೆ ಕಳುಹಿಸಬೇಕೆಂದು ಆಳುಗಳು ಹೊರಟರು. ಆ ಸೀಮೆಯ ಮುಖ್ಯಸ್ಥರಲ್ಲಿ ಒಬ್ಬನಾದ ಜಾನ್ ವಿಂತ್ರಾಪನೇ ಗುಟ್ಟಾಗಿ ಆತನನ್ನು ಎಚ್ಚರಿಸಿದ್ದನು. ಆಳುಗಳು ಬಂದು ನೋಡುವಾಗ ವಿಲಿಯಮ್ಸನು ಮನೆ ಬಿಟ್ಟು ಮೂರು ದಿವಸವಾಗಿತ್ತು. ಹೆಂಡತಿಯನ್ನೂ ಎಳೇ ಮಕ್ಕಳನ್ನೂ ಬಿಟ್ಟು, ಹಿಮ ಬಿದ್ದ ಕಾಡಿನಲ್ಲಿ ಹದಿನಾಲ್ಕು ವಾರಗಳ ಕಾಲ ಆತನು ಅಲೆದನು. ಆಗ ಆಶ್ರಯ ಕೊಟ್ಟವರು ಆ ಕಾಡಿನ ನಿವಾಸಿಗಳೇ. ಅವರ ಭಾಷೆಯನ್ನು ಆತನು ಮೊದಲೇ ಕಷ್ಟಪಟ್ಟು ಕಲಿತು ಅವರ ಸ್ನೇಹವನ್ನು ಗಳಿಸಿದ್ದನು.

ಅದೇ ವರ್ಷ ನ್ಯಾರಗನ್ಸೆಟ್ ಕುಲದ ಮುಖಂಡರಾದ ಕನಾನಿಕಸ್, ಮಿಯಾಂಟನೊಮಿ ಎಂಬವರ ಸಮ್ಮತಿಯಿಂದ ನೆಲವನ್ನು ಪಡೆದು ಊರನ್ನು ಕಟ್ಟಿದನು. ಕಷ್ಟಕಾಲದಲ್ಲಿ ತನ್ನನ್ನು ನಡಿಸಿದ ದೇವರ ಪರಾಮರಿಕೆಯ ಜ್ಞಾಪಕಾರ್ಥವಾಗಿ ಅದಕ್ಕೆ ಪ್ರಾವಿಡೆನ್ಸ್ ಎಂದು ಹೆಸರಿಟ್ಟನು. ಊರಿನವರು ಲೌಕಿಕ ವಿಷಯಗಳಲ್ಲಿ ಮಾತ್ರ ಬಹುಮತದ ತೀರ್ಪಿಗೆ ಅಧೀನರಾಗುವೆವೆಂದು ಬರೆದು ರುಜು ಹಾಕಿದರು. ಈ ನಿಯಮವು ಬೇಗನೆ ಪರೀಕ್ಷೆಗೆ ಬಂತು. ೧೬೩೮ರಲ್ಲಿ ಜೋಶುವ ವೆರಿನ್ ಎಂಬವನು ತನ್ನ ಹೆಂಡತಿ ಜೇನಳನ್ನು ವಿಲಿಯಮ್ಸನ ಮನೆಯ ಕೂಟಗಳಿಗೆ ಹೋಗಗೊಡದೆ ಹೊಡೆಯುತ್ತಿದ್ದನು. ಹೆಂಡತಿಯು ಗಂಡನಿಗೆ ಅಧೀನಳಲ್ಲವೇ ಎಂದು ಕೆಲವರು ವಾದಿಸಿದರು. ಆದರೆ ಊರಿನ ಕೂಟವು ಅವಳಿಗೂ ಮನಸ್ಸಾಕ್ಷಿಯುಂಟೆಂದು ತೀರ್ಮಾನಿಸಿ, ಗಂಡನ ಮತದಾನದ ಹಕ್ಕನ್ನು ಕಿತ್ತುಕೊಂಡಿತು.

ವಿಲಿಯಮ್ಸನು ೧೬೩೮ರ ಸುಮಾರಿಗೆ ಅಮೇರಿಕದ ಮೊದಲನೆಯ ಬ್ಯಾಪ್ಟಿಸ್ಟ್ ಸಭೆಯನ್ನು ಕೂಡಿಸಿದನು. ಕೆಲವೇ ತಿಂಗಳಲ್ಲಿ ಅದನ್ನೂ ಬಿಟ್ಟು, ಉಳಿದ ಆಯುಷ್ಯದಲ್ಲಿ ಯಾವ ಸಭೆಗೂ ಸೇರದೆ ಸತ್ಯವನ್ನು ಹುಡುಕುವವನಾಗಿಯೇ ಇದ್ದನು. ೧೬೪೩ರಲ್ಲಿ ಇಂಗ್ಲೆಂಡಿಗೆ ಹೋಗಿ, ನ್ಯಾರಗನ್ಸೆಟ್ ಜನರ ಭಾಷೆಯನ್ನು ಕುರಿತ ಪುಸ್ತಕವನ್ನು ಅಚ್ಚು ಹಾಕಿಸಿದನು. ಮರುವರ್ಷ ತನ್ನ ಸೀಮೆಗೆ ಪಾರ್ಲಿಮೆಂಟಿನ ಸನ್ನದನ್ನು ಪಡೆದನು. ಮುಂದೆ ೧೬೬೩ರಲ್ಲಿ ಆತನ ಸಂಗಡಿಗನಾದ ಜಾನ್ ಕ್ಲಾರ್ಕನು ಎರಡನೆಯ ಚಾರ್ಲ್ಸ್ ಅರಸನಿಂದ ಪಡೆದ ಸನ್ನದಿನಲ್ಲಿ ಧರ್ಮ ಸ್ವಾತಂತ್ರ್ಯವು ಸ್ಪಷ್ಟವಾಗಿ ಬರೆಯಲ್ಪಟ್ಟಿತು. ೧೮೪೩ರ ವರೆಗೆ ಅದೇ ಆ ಸೀಮೆಯ ಮೂಲ ಶಾಸನವಾಗಿತ್ತು.

ಆತನ ಮಾತಿನ ಸತ್ಯವು ಕ್ವೇಕರರ ವಿಷಯದಲ್ಲಿ ಚೆನ್ನಾಗಿ ತೋರಿಬಂತು. ಬೋಸ್ಟನ್ ಪಟ್ಟಣದವರು ಕ್ವೇಕರರನ್ನು ಚಾಟಿಯಿಂದ ಹೊಡೆದರು. ೧೬೬೦ರಲ್ಲಿ ಮೇರಿ ಡೈಯರ್ ಎಂಬ ಸ್ತ್ರೀಯನ್ನು ಗಲ್ಲಿಗೆ ಹಾಕಿದರು. ಕ್ವೇಕರರನ್ನು ಹೊರಡಿಸಿಬಿಡಿರೆಂದು ನೆರೆಸೀಮೆಗಳು ಒತ್ತಾಯಪಡಿಸಿದಾಗ್ಯೂ ರೋಡ್ ಐಲೆಂಡ್ ಒಪ್ಪಲಿಲ್ಲ. ಅವರ ಉಪದೇಶವು ವಿಲಿಯಮ್ಸನಿಗೆ ಒಪ್ಪಿಗೆಯಾಗಿತ್ತೋ? ಇಲ್ಲವೇ ಇಲ್ಲ. ೧೬೭೨ರಲ್ಲಿ, ಸುಮಾರು ಎಪ್ಪತ್ತು ವರ್ಷದ ಮುದುಕನಾದ ಆತನು ಅವರ ಸಂಗಡ ವಾದಿಸುವದಕ್ಕಾಗಿ ದಿನವೆಲ್ಲಾ ತಾನೇ ದೋಣಿಯ ಹುಟ್ಟು ಹಾಕುತ್ತಾ ನ್ಯೂಪೋರ್ಟ್ ಊರಿಗೆ ಹೋದನು. ನಾಲಿಗೆಯಿಂದ ಅವರನ್ನು ಎದುರಿಸಿದನು. ಕೋಲನ್ನೂ ಬೇಡಿಯನ್ನೂ ಮುಟ್ಟಲಿಲ್ಲ. ಯೆಹೂದ್ಯರಿಗೆ ಸಹ ಆ ಸೀಮೆಯಲ್ಲಿ ನೆಲೆ ಸಿಕ್ಕಿತು.

ಆತನ ಮುಪ್ಪು ದುಃಖದಿಂದ ತುಂಬಿತ್ತು. ೧೬೭೫ರಲ್ಲಿ ಬಿಳಿಯರಿಗೂ ಮೂಲ ನಿವಾಸಿಗಳಿಗೂ ಘೋರ ಯುದ್ಧವು ಹುಟ್ಟಿತು. ಬಿಳಿಯರ ದಂಡುಗಳು ನ್ಯಾರಗನ್ಸೆಟ್ ಜನರನ್ನು ಹೆಂಗಸರು ಮಕ್ಕಳೆನ್ನದೆ ಸಂಹರಿಸಿದವು. ೧೬೭೬ನೇ ಮಾರ್ಚಿಯಲ್ಲಿ ಪ್ರಾವಿಡೆನ್ಸಿಗೆ ಬೆಂಕಿ ಬಿತ್ತು, ವಿಲಿಯಮ್ಸನ ಮನೆಯೂ ಸುಟ್ಟುಹೋಯಿತು. ಯುದ್ಧದ ಕಡೆಯಲ್ಲಿ ಸೆರೆಸಿಕ್ಕಿದ ಮೂಲ ನಿವಾಸಿಗಳನ್ನು ಕೆಲವು ವರ್ಷಗಳ ದಾಸತ್ವಕ್ಕೆ ಮಾರಿದ ಪಂಚಾಯಿತಿಯಲ್ಲಿ ಆತನೂ ಕೂತಿದ್ದನು. ಇದನ್ನು ಮರೆಮಾಡುವದು ಸಲ್ಲದು. ಹಿಮದಲ್ಲಿ ತನಗೆ ಅನ್ನವಿಕ್ಕಿದ ಕುಲಗಳ ಮಕ್ಕಳು ಮಾರಲ್ಪಡುವಾಗ ಆತನು ತಡೆಯಲಿಲ್ಲ. ನಂಬಿಕೆಯ ವಿಷಯದಲ್ಲಿ ಅಷ್ಟು ದೂರ ಕಂಡ ಕಣ್ಣು ಇಲ್ಲಿ ಮಬ್ಬಾಯಿತು.

೧೬೮೩ರಲ್ಲಿ ವಿಲಿಯಮ್ಸನು ಬಡವನಾಗಿಯೇ ತೀರಿಕೊಂಡನು. ಅಮೇರಿಕದ ಸಂವಿಧಾನಕ್ಕೆ ೧೭೯೧ರಲ್ಲಿ ಸೇರಿದ ಮೊದಲನೆಯ ತಿದ್ದುಪಡಿಯು, ಧರ್ಮವನ್ನು ಸ್ಥಾಪಿಸುವ ಇಲ್ಲವೆ ಅದರ ಆಚರಣೆಯನ್ನು ತಡೆಯುವ ಕಾಯಿದೆಯನ್ನು ಕಾಂಗ್ರೆಸ್ಸು ಮಾಡಕೂಡದೆಂದು ವಿಧಿಸಿತು. ಆತನನ್ನು ಹೊರಗೆ ಹಾಕಿದ ಮ್ಯಾಸಚೂಸೆಟ್ಸ್ ಆ ಗಡೀಪಾರನ್ನು ರದ್ದು ಮಾಡಿದ್ದು ೧೯೩೬ರಲ್ಲಿ, ಮುನ್ನೂರು ವರ್ಷಗಳ ತರುವಾಯ.

ಪ್ರಿಯ ವಾಚಕರೇ, ಹಿಂಸೆಯನ್ನು ತಾಳಿದವನೇ ಕೈಗೆ ಬಲ ಬಂದಾಗ ಹಿಂಸಕನಾಗುವದು ಎಷ್ಟು ಸುಲಭವೆಂಬದನ್ನು ಬೋಸ್ಟನ್ನಿನವರಿಂದ ಕಲಿಯೋಣ. ತನ್ನ ಮನಸ್ಸಾಕ್ಷಿಗಾಗಿ ಮನೆ ಬಿಟ್ಟವನು ನೆರೆಯವನ ಮನಸ್ಸಾಕ್ಷಿಯನ್ನೂ, ತನ್ನ ಮನೆಯ ಹೆಂಗಸಿನ ಮನಸ್ಸಾಕ್ಷಿಯನ್ನೂ ಗೌರವಿಸಬೇಕು. ನಂಬಿಕೆಯನ್ನು ಬೋಧಿಸಬಹುದು, ಅದಕ್ಕಾಗಿ ವಾದಿಸಬಹುದು, ಪ್ರಾರ್ಥಿಸಬಹುದು. ಬಲಾತ್ಕಾರದಿಂದ ಯಾರ ಎದೆಯಲ್ಲಿಯೂ ಹುಟ್ಟಿಸಲಾಗದು.