ಹತ್ತು ಮೈಲಿ ದೂರ ಕೇಳಿಸಿದ ಕಾರ್ನೆಟ್

ಹೋದ ಸೆಮಿಸ್ಟರ್ ರಜೆಯಲ್ಲಿ ಯೂಟ್ಯೂಬ್‌ನಲ್ಲಿ ಅಮೆರಿಕದ ಡ್ರಮ್ ಕೋರ್ ವಿಡಿಯೊಗಳನ್ನು ನೋಡ್ತಾ ಕೂತಿದ್ದೆ. ಫುಟ್‌ಬಾಲ್ ಮೈದಾನದಲ್ಲಿ ಎಪ್ಪತ್ತು ಎಂಬತ್ತು ಜನ ಒಟ್ಟಿಗೆ ಹಿತ್ತಾಳೆ ವಾದ್ಯ ಊದ್ತಾರೆ. ಇಂಥ ತಂಡಗಳ ಬಗ್ಗೆ ಕಥೆಗಳೂ ಬೇಕಾದಷ್ಟಿವೆ. ಕಿಟಕಿ ಗಾಜು ಒಡೆದುಹೋಯ್ತಂತೆ, ಪಕ್ಕದ ಊರಿಗೂ ಕೇಳಿಸ್ತಂತೆ, ಹೀಗೆ. ಇವುಗಳ ಹಿಂದೆ ಬಿದ್ದು ಹುಡುಕುವಾಗ ಸಿಕ್ಕವನು ಬಡ್ಡಿ ಬೋಲ್ಡನ್. ಇವನು ಒಬ್ಬನೇ, ಕೈಯಲ್ಲಿದ್ದದ್ದು ಒಂದೇ ಕಾರ್ನೆಟ್. ಆದರೆ ಶಾಂತ ರಾತ್ರಿಯಲ್ಲಿ ಅದು 10-12 ಮೈಲಿ ದೂರ ಕೇಳಿಸ್ತಿತ್ತು ಅಂತ ಹೇಳಿದವರಿದ್ದಾರೆ!

ಚಾರ್ಲ್ಸ್ ಬಡ್ಡಿ ಬೋಲ್ಡನ್ ಹುಟ್ಟಿದ್ದು 1877ರ ಸೆಪ್ಟೆಂಬರ್ 6ರಂದು, ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನಲ್ಲಿ. ಆ ದೇಶದಲ್ಲಿ ಗುಲಾಮಗಿರಿ ಕೊನೆಯಾಗಿ ಆಗಿನ್ನೂ 12 ವರ್ಷ ಆಗಿತ್ತಷ್ಟೇ. ಬಡ್ಡಿಯದು ಬಡ ಕರಿಯರ ಕುಟುಂಬ. ಅವನಿಗೆ ಆರು ವರ್ಷ ಇದ್ದಾಗ ಅಪ್ಪ ತೀರಿಹೋದ. ಅವನನ್ನೂ ತಂಗಿಯನ್ನೂ ತಾಯಿ ಆಲಿಸ್ ಒಬ್ಬಳೇ ಸಾಕಿದಳು. ಆ ಊರಿನಲ್ಲಿ ಮೆರವಣಿಗೆ ಇದ್ದರೂ ಬ್ಯಾಂಡ್, ಶವಯಾತ್ರೆ ಇದ್ದರೂ ಬ್ಯಾಂಡ್. ಅದನ್ನೇ ಕೇಳ್ತಾ ಬೆಳೆದ ಹುಡುಗ ಪರಿಚಯದ ಮ್ಯಾನುಯೆಲ್ ಹಾಲ್ ಎಂಬವರಿಂದ ಕಾರ್ನೆಟ್ ಕಲಿತ. ಕಾರ್ನೆಟ್ ಅಂದ್ರೆ ಟ್ರಂಪೆಟ್ ತರಹದ್ದೇ ವಾದ್ಯ, ನೋಡಲು ಸ್ವಲ್ಪ ಗಿಡ್ಡ.

1900ರ ಹೊತ್ತಿಗೆ ಬೋಲ್ಡನ್ ತನ್ನದೇ ತಂಡ ಕಟ್ಟಿಕೊಂಡು ಊರಿಗೆಲ್ಲ ಗೊತ್ತಿರುವ ಹೆಸರಾಗಿದ್ದ. ಆಗ ಅಲ್ಲಿ ಜಾನ್ ರೊಬಿಶೋ ಎಂಬುವರ ಆರ್ಕೆಸ್ಟ್ರಾಗೆ ತುಂಬಾ ಮರ್ಯಾದೆ. ಅವರದು ಸ್ವರಲಿಪಿ ನೋಡಿ ಅಚ್ಚುಕಟ್ಟಾಗಿ ನುಡಿಸುವ ತಂಡ. ಬೋಲ್ಡನ್ ದಾರಿ ಬೇರೆ. ಚರ್ಚಿನ ಹಾಡು, ದುಡಿಯುವವರ ಬ್ಲೂಸ್, ಕುಣಿತದ ರಾಗ ಎಲ್ಲವನ್ನೂ ಬೆರೆಸಿ, ಆ ಕ್ಷಣಕ್ಕೆ ಹೊಳೆದದ್ದನ್ನು ಸೇರಿಸಿ ಊದ್ತಿದ್ದ. ಮುಂದೆ ಜಾಝ್ ಅಂತ ಹೆಸರಾದ ಸಂಗೀತದ ಮೊದಲ ಹೆಜ್ಜೆ ಇದೇ ಅಂತ ಬಹಳ ಜನ ಹೇಳ್ತಾರೆ.

ದಂತಕಥೆ ಶುರುವಾಗೋದು ಇಲ್ಲಿಂದ. ಲಿಂಕನ್ ಪಾರ್ಕ್, ಜಾನ್ಸನ್ ಪಾರ್ಕ್ ಅಂತ ಎರಡು ಪಾರ್ಕುಗಳು ಅಕ್ಕಪಕ್ಕದಲ್ಲೇ ಇದ್ದವು. ಲಿಂಕನ್ ಪಾರ್ಕ್‌ನಲ್ಲಿ ರೊಬಿಶೋ ಕಾರ್ಯಕ್ರಮ ನಡೀತಿದ್ರೆ ಬೋಲ್ಡನ್ ಈ ಕಡೆಯಿಂದ ಕಾರ್ನೆಟ್ ಅತ್ತ ತಿರುಗಿಸಿ ಒಂದು ಸಲ ಊದ್ತಿದ್ದನಂತೆ. ಅಷ್ಟಕ್ಕೇ ಅಲ್ಲಿನ ಜನ ಎದ್ದು ಇಲ್ಲಿಗೆ ಬರ್ತಿದ್ದರಂತೆ. ಕಥೆ ಬಾಯಿಂದ ಬಾಯಿಗೆ ಹೋಗ್ತಾ ಪಕ್ಕದ ಪಾರ್ಕ್ ಹೋಗಿ ನದಿಯಾಚೆ ಆಯ್ತು, ಆಮೇಲೆ ಹತ್ತು ಮೈಲಿ ಆಯ್ತು.

ನಾವು ಎಂಜಿನಿಯರಿಂಗ್ ಓದುವವರು, ಲೆಕ್ಕ ಹಾಕದೆ ಬಿಡೋದು ಹೇಗೆ? ಉದಾರವಾಗಿಯೇ ಇರೋಣ, ಕಾರ್ನೆಟ್‌ನಿಂದ 1 ಮೀಟರ್ ದೂರದಲ್ಲಿ ಸದ್ದು 110 ಡೆಸಿಬಲ್ ಅಂತ ಇಟ್ಟುಕೊಳ್ಳಿ. ತೆರೆದ ಬಯಲಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ ಕಮ್ಮಿ ಆಗುತ್ತೆ. 10 ಮೈಲಿ ಅಂದ್ರೆ ಸುಮಾರು 16 ಕಿಲೋಮೀಟರ್, ಅಂದ್ರೆ 14 ಸಲ ಎರಡರಷ್ಟು. ಅಲ್ಲಿಗೆ 84 ಡೆಸಿಬಲ್ ಹೋಯ್ತು, ಉಳಿದದ್ದು 26. ರಾತ್ರಿ ಹೊತ್ತು ನಿಶ್ಶಬ್ದವಾಗಿರೋ ಕೋಣೆಯಲ್ಲೇ ಸುಮಾರು 30 ಇರುತ್ತೆ. ಸಾಲದ್ದಕ್ಕೆ ಗಾಳಿ ತಾನೂ ಸದ್ದನ್ನು, ಅದರಲ್ಲೂ ಮೇಲಿನ ಸ್ವರಗಳನ್ನು, ಹೀರಿಕೊಳ್ಳುತ್ತೆ. ಆದ್ದರಿಂದ ಹತ್ತು ಮೈಲಿ ಸಾಧ್ಯವೇ ಇಲ್ಲ.

ಹಾಗಂತ ಪೂರ್ತಿ ಸುಳ್ಳೂ ಅಲ್ಲ. ಇದೇ ಲೆಕ್ಕವನ್ನು 2 ಕಿಲೋಮೀಟರ್‌ಗೆ ಹಾಕಿದರೆ 40ರ ಆಸುಪಾಸು ಉಳಿಯುತ್ತೆ. ನ್ಯೂ ಆರ್ಲಿಯನ್ಸ್ ಸಪಾಟಾದ ಊರು. ರಾತ್ರಿ ನೆಲ ತಣ್ಣಗಾದಾಗ ಕೆಳಗಿನ ಗಾಳಿ ತಂಪಾಗಿ, ಮೇಲಿನದು ಬೆಚ್ಚಗೆ ಉಳಿದರೆ ಸದ್ದು ಮೇಲೆ ಹೋಗದೆ ನೆಲದ ಕಡೆಗೇ ಬಾಗುತ್ತೆ. ಆ ಕಾಲದ ರಸ್ತೆಗಳಲ್ಲಿ ಈಗಿನ ಟ್ರಾಫಿಕ್ ಇಲ್ಲ, ಎಲ್ಲೂ ಲೌಡ್‌ಸ್ಪೀಕರ್ ಇಲ್ಲ. ಒಂದೆರಡು ಕಿಲೋಮೀಟರ್ ದೂರದ ಮನೆಯಲ್ಲಿ ಮಲಗಿದ್ದವರಿಗೆ ಅವನ ಕಾರ್ನೆಟ್ ಕೇಳಿಸಿರಬಹುದು.

ಲೆಕ್ಕ ಮುಗಿಸಿ ಅವನ ಮುಂದಿನ ಬದುಕು ಓದಿದಾಗ ನನ್ನ ಉತ್ಸಾಹ ಇಳಿದುಹೋಯ್ತು. 1906ರಲ್ಲಿ ಬೋಲ್ಡನ್‌ಗೆ ಮಾನಸಿಕ ಕಾಯಿಲೆ ಕಾಣಿಸಿಕೊಂಡಿತು. ಮನೆಯವರೇ ವಿಷ ಹಾಕ್ತಿದ್ದಾರೆ ಅನ್ನೋ ಭಯ. ಆ ವರ್ಷದ ಮಾರ್ಚ್‌ನಲ್ಲಿ ನೀರಿನ ಹೂಜಿಯಿಂದ ಮನೆಯವರೊಬ್ಬರಿಗೆ ಹೊಡೆದು ಪೊಲೀಸರ ಕೈಗೆ ಸಿಕ್ಕ. ಸೆಪ್ಟೆಂಬರ್‌ನಲ್ಲಿ ಕಾರ್ಮಿಕರ ದಿನದ ಮೆರವಣಿಗೆಯಲ್ಲಿ ನುಡಿಸ್ತಾ ನಡುವೆಯೇ ಬಿಟ್ಟು ಹೋದ. 1907ರ ಜೂನ್‌ನಲ್ಲಿ ಅವನನ್ನು ಜಾಕ್ಸನ್ ಊರಿನ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಆಗ ಅವನಿಗೆ 29 ವರ್ಷ. ಮತ್ತೆ ಹೊರಗಿನ ಬದುಕು ಅವನಿಗೆ ಸಿಗಲಿಲ್ಲ. 24 ವರ್ಷ ಅಲ್ಲೇ ಕಳೆದು, 1931ರ ನವೆಂಬರ್ 4ರಂದು ತೀರಿಕೊಂಡ. ಹೋಲ್ಟ್ ಸ್ಮಶಾನದಲ್ಲಿ ಹೂಳಿದ ಜಾಗಕ್ಕೆ ಗುರುತಿನ ಕಲ್ಲೂ ಇರಲಿಲ್ಲ. ಸ್ಮಾರಕ ಬಂದದ್ದು ದಶಕಗಳ ನಂತರ.

ಜಾಝ್‌ನ ಮೊದಲ ರೆಕಾರ್ಡ್ ಹೊರಬಂದದ್ದು 1917ರಲ್ಲಿ. ನುಡಿಸಿದವರು ನ್ಯೂ ಆರ್ಲಿಯನ್ಸ್‌ನ ಬಿಳಿಯರು. ಅದು ಊರೂರಲ್ಲಿ ಮಾರಾಟ ಆಗ್ತಿದ್ದಾಗ ಬೋಲ್ಡನ್ ಬದುಕಿದ್ದ, ಅದೇ ಆಸ್ಪತ್ರೆಯಲ್ಲಿ. ಅವನದ್ದು ಅಂತ ಒಂದು ರೆಕಾರ್ಡಿಂಗೂ ಉಳಿದಿಲ್ಲ. ಮೇಣದ ಸಿಲಿಂಡರ್ ಮೇಲೆ ಒಮ್ಮೆ ನುಡಿಸಿದ್ದರು ಅಂತ ತಂಡದ ಟ್ರಾಂಬೋನ್‌ನವನು ಹೇಳಿದ್ದ, ಆದರೆ ಅದು ಯಾರಿಗೂ ಸಿಕ್ಕಿಲ್ಲ. ತಂಡದ ಒಂದೇ ಒಂದು ಫೋಟೊ ಇದೆ.

ಅವನಿಗೆ ಹುಚ್ಚು ಹಿಡಿದದ್ದೇ ಅಷ್ಟು ಜೋರಾಗಿ ಊದಿದ್ದರಿಂದ ಅನ್ನೋ ಇನ್ನೊಂದು ಕಥೆಯೂ ಇದೆ. ಇದಕ್ಕೆ ಆಧಾರವಿಲ್ಲ. ಅವನಿಗಿದ್ದದ್ದು ಇವತ್ತು ನಾವು ಸ್ಕಿಜೋಫ್ರೇನಿಯಾ ಅನ್ನುವಂಥ ಕಾಯಿಲೆ. ಅದು ಕಾರ್ನೆಟ್ ಊದಿದ್ದಕ್ಕೆ ಬರೋದಲ್ಲ. ಹತ್ತು ಮೈಲಿಯ ಕಥೆಯನ್ನು ನಗುತ್ತಾ ಕೇಳಬಹುದು, ಈ ಕಥೆಯನ್ನು ಮಾತ್ರ ನಾವು ಮುಂದೆ ದಾಟಿಸಬಾರದು ಅಂತ ನನಗನಿಸುತ್ತೆ.

ಮೊದಲು ನನಗೆ ಹತ್ತು ಮೈಲಿ ಅಂದವರ ಮೇಲೆ ನಗು ಬಂದಿತ್ತು. ಈಗ ಅನಿಸೋದು ಬೇರೆ. ಕೇಳಿಸೋದಕ್ಕೆ ರೆಕಾರ್ಡ್ ಇಲ್ಲದೆ, ಅವನು ಹೇಗೆ ನುಡಿಸ್ತಿದ್ದ ಅಂತ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಗೆ ಹೇಳೋದು? ಅಂಥವರು ಮೈಲಿ ಲೆಕ್ಕದಲ್ಲಿ ಹೇಳಿದರು. ಡೆಸಿಬಲ್ ಲೆಕ್ಕದಲ್ಲಿ ಅದು ತಪ್ಪು. ಆದರೆ ಹಾಗೆ ಹೇಳದೇ ಇದ್ದಿದ್ದರೆ, ಇಷ್ಟು ವರ್ಷ ಆದ ಮೇಲೆ ಇಲ್ಲಿ ಹಾಸ್ಟೆಲ್ ರೂಮಲ್ಲಿ ಕೂತ ನನಗೆ ಅವನ ಹೆಸರು ಗೊತ್ತಾಗ್ತಿರಲಿಲ್ಲ.