ಹೆಸರು ಮುಚ್ಚಿಟ್ಟ ಇಂಜಿನಿಯರ್: ಸೆರ್ಗೆಯ್ ಕೊರೊಲೆವ್

ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಯಾರು ಎಂದು ಕ್ವಿಜ್‌ನಲ್ಲಿ ಕೇಳಿದರೆ ನಾವೆಲ್ಲ ಯೂರಿ ಗಗಾರಿನ್ ಎಂದು ತಟ್ಟನೆ ಹೇಳುತ್ತೇವೆ. ಅವರನ್ನು ಕಳುಹಿಸಿದ ರಾಕೆಟ್ ತಯಾರಿಸಿದವರು ಯಾರು ಎಂದರೆ ಸುಮ್ಮನಾಗುತ್ತೇವೆ. ಅವರೇ ಸೆರ್ಗೆಯ್ ಕೊರೊಲೆವ್.

ಕೊರೊಲೆವ್ ಅವರು 1907ರ ಜನವರಿ 12ರಂದು ಈಗಿನ ಉಕ್ರೇನ್ ದೇಶದ ಜಿತೋಮಿರ್‌ನಲ್ಲಿ ಜನಿಸಿದರು. ತಂದೆ ತಾಯಿ ಬೇರೆಯಾದ್ದರಿಂದ ಅಜ್ಜಿ ತಾತನ ಮನೆಯಲ್ಲಿ ಬೆಳೆದರು. ಇಂಜಿನಿಯರಿಂಗ್ ಓದಿ ಮಾಸ್ಕೋದಲ್ಲಿ ರಾಕೆಟ್ ಕೆಲಸಕ್ಕೆ ಸೇರಿದರು. 1938ರಲ್ಲಿ, ಸ್ಟಾಲಿನ್ ಆಳ್ವಿಕೆಯಲ್ಲಿ, ಸುಳ್ಳು ಆರೋಪ ಹೊರಿಸಿ ಅವರನ್ನು ಬಂಧಿಸಲಾಯಿತು. ಕೊಲಿಮಾ ಎಂಬ ಕೊರೆಯುವ ಚಳಿಯ ಪ್ರದೇಶದ ಚಿನ್ನದ ಗಣಿಗೆ ಕಳುಹಿಸಿದರು. ಸರಿಯಾದ ಊಟವಿಲ್ಲದೆ ಸ್ಕರ್ವಿ ರೋಗ ಬಂದು ಹಲ್ಲುಗಳು ಉದುರಿದವು. ಆಮೇಲೆ ಕೈದಿಯಾಗಿಯೇ ವಿಮಾನ ವಿನ್ಯಾಸದ ಕೆಲಸ ಮಾಡಿದರು. ಬಿಡುಗಡೆಯಾದದ್ದು 1944ರಲ್ಲಿ. ಅವರು ನಿರ್ದೋಷಿ ಎಂದು ಸರ್ಕಾರ ಒಪ್ಪಿಕೊಂಡದ್ದು 1957ರಲ್ಲಿ.

ಇಷ್ಟಾದರೂ ಅವರು ರಾಕೆಟ್ ಕನಸನ್ನು ಬಿಡಲಿಲ್ಲ. 1955ರಲ್ಲಿ ಕಜಕಿಸ್ತಾನದ ಒಣ ಬಯಲಿನಲ್ಲಿ, ತ್ಯುರತಾಮ್ ರೈಲು ನಿಲ್ದಾಣದ ಹತ್ತಿರ, ಉಡಾವಣಾ ಕೇಂದ್ರ ಕಟ್ಟಲು ಶುರುವಾಯಿತು. ಆ ಜಾಗ ಹೊರದೇಶದವರಿಗೆ ತಿಳಿಯಬಾರದೆಂದು ಬಹಳ ದೂರದ ಬೈಕೊನೂರ್ ಎಂಬ ಬೇರೆ ಊರಿನ ಹೆಸರನ್ನು ಅದಕ್ಕೆ ಹೇಳಿದರು. ಕೊರೊಲೆವ್ ಅವರ ಹೆಸರನ್ನೂ ಹಾಗೆಯೇ ಮುಚ್ಚಿಟ್ಟರು. ಪತ್ರಿಕೆಗಳಲ್ಲಿ ಅವರು ಬರೀ ಮುಖ್ಯ ವಿನ್ಯಾಸಕ.

1957ರ ಮೇ 15ರಂದು ಅಲ್ಲಿಂದ ಹಾರಿಸಿದ ಅವರ ಮೊದಲ ಆರ್-7 ರಾಕೆಟ್ ವಿಫಲವಾಯಿತು. ಆಗಸ್ಟ್‌ನಲ್ಲಿ ಯಶಸ್ಸು ಸಿಕ್ಕಿತು. ಅಕ್ಟೋಬರ್ 4ರಂದು 83.6 ಕಿಲೋ ತೂಕದ ಸ್ಪುಟ್ನಿಕ್ ಹಾರಿತು. ಅದೇ ಪ್ರಪಂಚದ ಮೊದಲ ಕೃತಕ ಉಪಗ್ರಹ. 1961ರ ಏಪ್ರಿಲ್ 12ರಂದು ಅದೇ ಕಟ್ಟೆಯಿಂದ ಗಗಾರಿನ್ ಹೊರಟು, ಭೂಮಿಯನ್ನು ಒಂದು ಸುತ್ತು ಹಾಕಿ 108 ನಿಮಿಷದಲ್ಲಿ ಇಳಿದರು. ಜಗತ್ತೇ ಅವರನ್ನು ಮೆರೆಸಿತು. ಕಟ್ಟೆಗೂ ಅವರ ಹೆಸರೇ ಬಂತು. ಕೊರೊಲೆವ್ ತೆರೆಯ ಹಿಂದೆಯೇ ಉಳಿದರು. 1966ರ ಜನವರಿ 14ರಂದು ಶಸ್ತ್ರಚಿಕಿತ್ಸೆಯ ವೇಳೆ ತೀರಿಕೊಂಡ ಮೇಲಷ್ಟೇ ಜನರಿಗೆ ಅವರ ಹೆಸರು ತಿಳಿಯಿತು.

ಗಗಾರಿನ್ ಕಟ್ಟೆಯಿಂದ 500ಕ್ಕೂ ಹೆಚ್ಚು ರಾಕೆಟ್‌ಗಳು ಹಾರಿದವು. ಕೊನೆಯದು 2019ರ ಸೆಪ್ಟೆಂಬರ್ 25ರಂದು. ಅದರಲ್ಲಿ ಹೋದವರಲ್ಲಿ ಒಬ್ಬರು ಹಜ್ಜಾ ಅಲ್ ಮನ್ಸೂರಿ, ಯುಎಇ ದೇಶದ ಮೊದಲ ಗಗನಯಾತ್ರಿ. ಹೊಸ ಸೋಯುಜ್-2 ರಾಕೆಟ್‌ಗೆ ತಕ್ಕಂತೆ ಕಟ್ಟೆಯನ್ನು ಬದಲಾಯಿಸದ ಕಾರಣ ಅದಕ್ಕೆ ನಿವೃತ್ತಿಯಾಯಿತು.

ನಮ್ಮ ಅಬ್ಬಾ ಗಾರೆ ಕೆಲಸ ಮಾಡುತ್ತಾರೆ. ಅವರು ಕಟ್ಟಿದ ಮನೆಗಳ ಗೇಟಿನ ಮೇಲೆ ಮಾಲೀಕರ ಹೆಸರಿರುತ್ತದೆ. ಅಬ್ಬಾನ ಹೆಸರು ಎಲ್ಲೂ ಇಲ್ಲ. ಮೊದಲು ನನಗೆ ಅದರಿಂದ ಬೇಸರವಾಗುತ್ತಿತ್ತು. ಕೊರೊಲೆವ್ ಬಗ್ಗೆ ಓದಿದ ಮೇಲೆ ಆ ಗೋಡೆಗಳನ್ನು ನಿಂತು ನೋಡುತ್ತೇನೆ. ಮಿತ್ರರೇ, ನೀವೂ ಒಮ್ಮೆ ನಮ್ಮ ಕಾಲೇಜಿನ ಗೋಡೆಯನ್ನು ನೋಡಿ, ಅದನ್ನು ಕಟ್ಟಿದವರು ಯಾರೆಂದು ಕೇಳಿ.