ಫ್ರೆಡರಿಕ್ ವಿನ್ಸ್ಲೊ ಟೇಲರ್: ಕೆಲಸವನ್ನು ಅಳೆದು ಸಲಹೆಯಿತ್ತ ಇಂಜಿನಿಯರ್

ರೋಗಿಯ ನಾಡಿ ಹಿಡಿದು ಔಷಧ ಹೇಳುವ ವೈದ್ಯನಿಗೂ, ಕಾಗದಪತ್ರಗಳನ್ನು ನೋಡಿ ಅಭಿಪ್ರಾಯ ಕೊಡುವ ವಕೀಲನಿಗೂ ಸಂಭಾವನೆ ಸಲ್ಲುವುದು ಬಹುಕಾಲದಿಂದ ಬಂದ ರೂಢಿ. ಆದರೆ ಕಾರ್ಖಾನೆಯೊಂದಕ್ಕೆ ಹೋಗಿ, ಅಲ್ಲಿ ಕೆಲಸ ನಡೆಯುವ ರೀತಿಯನ್ನು ಪರೀಕ್ಷಿಸಿ, ಅದನ್ನು ತಿದ್ದುವ ಸಲಹೆಯನ್ನೇ ಜೀವನೋಪಾಯವನ್ನಾಗಿ ಮಾಡಿಕೊಳ್ಳುವುದು ಹತ್ತೊಂಬತ್ತನೆಯ ಶತಮಾನದಲ್ಲಿ ಅಪರೂಪದ ಸಂಗತಿಯಾಗಿತ್ತು. ಆ ವೃತ್ತಿಗೆ ನಿಶ್ಚಿತವಾದ ಒಂದು ವಿಧಾನವನ್ನು ಕಟ್ಟಿಕೊಟ್ಟವರಲ್ಲಿ ಅಗ್ರಗಣ್ಯನು ಅಮೆರಿಕದ ಫ್ರೆಡರಿಕ್ ವಿನ್ಸ್ಲೊ ಟೇಲರ್.

ಟೇಲರನು 1856ರ ಮಾರ್ಚ್ 20ರಂದು ಫಿಲಡೆಲ್ಫಿಯಾ ನಗರದ ಜರ್ಮನ್‌ಟೌನ್ ಎಂಬಲ್ಲಿ ಅನುಕೂಲಸ್ಥರಾದ ಕ್ವೇಕರ್ ಮನೆತನದಲ್ಲಿ ಜನಿಸಿದನು. ತಂದೆ ವಕೀಲನಾಗಿದ್ದನು; ಮಗನೂ ಅದೇ ದಾರಿ ಹಿಡಿಯಲಿ ಎಂಬುದು ಮನೆಯವರ ಆಶಯ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಗೌರವದೊಡನೆ ತೇರ್ಗಡೆಯಾದರೂ ದೃಷ್ಟಿ ಕೆಟ್ಟುದರಿಂದ ಓದು ನಿಂತಿತು. 1874ರಲ್ಲಿ ಆ ಹುಡುಗನು ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದನು. 1878ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಸಾಮಾನ್ಯ ಕೂಲಿಯಾಗಿ ಬಂದು, ಗುಮಾಸ್ತೆ, ಯಂತ್ರ ಕೆಲಸಗಾರ, ಮೇಸ್ತ್ರಿ, ಫೋರ್‌ಮನ್ ಎಂದು ಒಂದೊಂದೇ ಮೆಟ್ಟಿಲು ಹತ್ತಿ ಮುಖ್ಯ ಇಂಜಿನಿಯರನಾದನು. ಹಗಲು ದುಡಿಯುತ್ತ, ಬಿಡುವಿನ ವೇಳೆಯಲ್ಲಿ ಓದಿ 1883ರಲ್ಲಿ ಸ್ಟೀವನ್ಸ್ ಸಂಸ್ಥೆಯ ಇಂಜಿನಿಯರಿಂಗ್ ಪದವಿ ಪಡೆದನು. ಇದರ ನಡುವೆ 1881ರಲ್ಲಿ ಅಮೆರಿಕದ ರಾಷ್ಟ್ರೀಯ ಟೆನಿಸ್ ಸ್ಪರ್ಧೆಯ ಜೋಡಿ ಆಟದಲ್ಲಿ ಗೆದ್ದನೆಂದರೆ ಆತನ ಚೈತನ್ಯ ಎಷ್ಟಿತ್ತೆಂಬುದನ್ನು ವಾಚಕರು ಊಹಿಸಬಹುದು.

ಆತನ ವಿಧಾನದ ಬೇರು ಇರುವುದು ಮಿಡ್‌ವೇಲಿನ ಒಂದು ಕಹಿ ಅನುಭವದಲ್ಲಿ. ತಮ್ಮಿಂದ ಸಾಧ್ಯವಾದುದಕ್ಕಿಂತ ಬಹಳ ಕಡಿಮೆ ಕೆಲಸವನ್ನು ಅಲ್ಲಿನವರು ಮಾಡುತ್ತಾರೆಂಬುದು, ಅವರ ಪಕ್ಕದಲ್ಲೇ ದುಡಿದಿದ್ದ ಟೇಲರನಿಗೆ ಚೆನ್ನಾಗಿ ತಿಳಿದಿತ್ತು. ಮೇಸ್ತ್ರಿಯಾದೊಡನೆ ಹೆಚ್ಚು ಕೆಲಸ ತೆಗೆಯಲು ಹೊರಟನು. ಸುಮಾರು ಮೂರು ವರ್ಷ ಹೋರಾಟ ನಡೆಯಿತು. ಕೊನೆಗೆ ಗೆದ್ದವನು ಆತನೇ ಆದರೂ, ಎದುರಿಗೆ ಬಂದ ಪ್ರತಿಯೊಬ್ಬನ ಮುಖದಲ್ಲಿಯೂ ದ್ವೇಷವನ್ನೇ ಕಾಣಬೇಕಾದ ಆ ಬಾಳು ಆತನಿಗೆ ಅಸಹ್ಯವೆನಿಸಿತು. ಆಗ ಆತನು ಕಾರಣವನ್ನು ಹುಡುಕಿದನು. ಹೆಚ್ಚು ಸಾಮಾನು ಮಾಡಿದರೆ ಒಡೆಯರು ಒಂದೊಂದರ ಮೇಲಿನ ಕೂಲಿಯನ್ನೇ ಇಳಿಸುತ್ತಿದ್ದರು; ಆದುದರಿಂದ ಕೆಲಸವನ್ನು ತಡೆಹಿಡಿಯುವುದು ಕಾರ್ಮಿಕರ ಪಾಲಿಗೆ ಸೋಮಾರಿತನವಲ್ಲ, ಆತ್ಮರಕ್ಷಣೆ. ಒಂದು ದಿನದ ನ್ಯಾಯವಾದ ಕೆಲಸವೆಷ್ಟು ಎಂಬುದು ಒಡೆಯನಿಗೂ ತಿಳಿಯದು, ಆಳಿಗೂ ತಿಳಿಯದು. ತಿಳಿಯದ ವಿಷಯದಲ್ಲಿ ಜಗಳವಲ್ಲದೆ ಬೇರೇನು ನಡೆದೀತು? ಅಳೆದು ನೋಡಿದರೆ ಜಗಳ ತೀರುವುದೆಂದು ಟೇಲರನು ನಂಬಿದನು.

ಅಳತೆ ಎರಡು ದಿಕ್ಕಿನಲ್ಲಿ ಸಾಗಿತು. ಒಂದು, ಕೆಲಸವನ್ನು ಸಣ್ಣ ಸಣ್ಣ ಚಲನೆಗಳನ್ನಾಗಿ ಬಿಡಿಸಿ, ಒಂದೊಂದಕ್ಕೆ ಹಿಡಿಯುವ ಕಾಲವನ್ನು ಸ್ಟಾಪ್‌ವಾಚಿನಿಂದ ಗುರುತಿಸುವುದು. ಮತ್ತೊಂದು, ಲೋಹವನ್ನು ಕತ್ತರಿಸುವ ಉಳಿಯ ಆಕಾರ, ವೇಗ, ಆಳ ಇವುಗಳ ಪ್ರಯೋಗ. ಈ ಎರಡನೆಯದು ಇಪ್ಪತ್ತಾರು ವರ್ಷ ನಡೆಯಿತು. 30,000ಕ್ಕೂ ಹೆಚ್ಚು ಪ್ರಯೋಗಗಳು ದಾಖಲೆಯಾದವು. 8 ಲಕ್ಷ ಪೌಂಡಿಗೂ ಮಿಕ್ಕ ಕಬ್ಬಿಣ, ಉಕ್ಕು ಚೂರಾಗಿ ಬಿದ್ದವು.

1893ರಲ್ಲಿ ಟೇಲರನು ಸ್ವತಂತ್ರ ಸಲಹಾ ಇಂಜಿನಿಯರನಾಗಿ ನಿಂತನು. ಕಾರ್ಖಾನೆಯ ಆಡಳಿತವನ್ನು ಕ್ರಮಗೊಳಿಸುವುದು, ಉತ್ಪಾದನೆಯ ವೆಚ್ಚವನ್ನು ಲೆಕ್ಕ ಹಾಕುವುದು ತನ್ನ ವಿಶೇಷವೆಂದು ಪರಿಚಯ ಚೀಟಿಯಲ್ಲಿ ಅಚ್ಚು ಹಾಕಿಸಿದ್ದನು. ಅಳತೆಯೇ ಆ ಸಲಹೆಯ ಬುನಾದಿ. ಯಂತ್ರದ ಪಟ್ಟಿಗಳು, ಉಪಕರಣಗಳು, ಉಗ್ರಾಣ ಇವುಗಳನ್ನು ವ್ಯವಸ್ಥೆಗೊಳಿಸಬೇಕು. ಯಾವ ಕೆಲಸವನ್ನು ಯಾರು ಹೇಗೆ ಮಾಡಬೇಕೆಂದು ಯೋಜನಾ ಕೊಠಡಿಯೊಂದು ಬರೆದುಕೊಡಬೇಕು. ನಿಗದಿಯಾದ ಕೆಲಸವನ್ನು ಪೂರೈಸಿದವನಿಗೆ ಹೆಚ್ಚಿನ ದರದ ಕೂಲಿ, ಪೂರೈಸದವನಿಗೆ ಕಡಿಮೆ ದರ. ಈ ಕೂಲಿಪದ್ಧತಿಯನ್ನು ಕುರಿತು 1895ರಲ್ಲಿ ಇಂಜಿನಿಯರರ ಸಂಘದ ಮುಂದೆ ಪ್ರಬಂಧವನ್ನೋದಿದಾಗ, ಕೇಳಿದವರೆಲ್ಲ ಕೂಲಿಯ ದರವನ್ನೇ ಚರ್ಚಿಸಿದರು. ತನಗೆ ಮುಖ್ಯವೆನಿಸಿದ ಕಾಲದ ಅಳತೆಯನ್ನು ಯಾರೂ ಲಕ್ಷಿಸಲಿಲ್ಲವೆಂದು ಆತನು ಮುಂದೆ ಪರಿತಪಿಸಿದನು.

1898ರಲ್ಲಿ ಬೆತ್ಲೆಹೆಮ್ ಉಕ್ಕಿನ ಕಂಪನಿ ಆತನನ್ನು ಕರೆಸಿಕೊಂಡಿತು. ಅಲ್ಲಿನ ಸಲಿಕೆಯ ಪ್ರಕರಣ ಈ ವಿಧಾನವನ್ನು ತಿಳಿಯಲು ಬಹಳ ಉಪಯುಕ್ತವಾದುದು. ಕಂಪನಿಯ ವಿಶಾಲವಾದ ಅಂಗಳದಲ್ಲಿ 400ರಿಂದ 600 ಆಳುಗಳು ಅದಿರು, ಕಲ್ಲಿದ್ದಲುಗಳನ್ನು ಎತ್ತಿಹಾಕುತ್ತಿದ್ದರು. ಸಲಿಕೆ ಆಳಿನ ಸ್ವಂತದ್ದು. ಅದೇ ಸಲಿಕೆಯಲ್ಲಿ ಸಣ್ಣ ಕಲ್ಲಿದ್ದಲು ಎತ್ತಿದರೆ ಮೂರೂವರೆ ಪೌಂಡು, ಅದಿರು ಎತ್ತಿದರೆ 38 ಪೌಂಡು! ಒಳ್ಳೆಯ ಆಳುಗಳನ್ನು ಆರಿಸಿ, ಭಾರವನ್ನು ಬದಲಿಸುತ್ತ ನೋಡಿದಾಗ, ಒಂದು ಸಲಕ್ಕೆ ಸುಮಾರು 21 ಪೌಂಡು ಎತ್ತಿದರೆ ದಿನದ ಕೆಲಸ ಅತ್ಯಧಿಕವಾಗುವುದೆಂದು ಕಂಡುಬಂದಿತು. ಅನಂತರ ಅದಿರಿಗೆ ಚಿಕ್ಕದು, ಹಗುರ ವಸ್ತುವಿಗೆ ದೊಡ್ಡದು ಎಂದು ಹಲವು ಬಗೆಯ ಸಲಿಕೆಗಳನ್ನು ಕಂಪನಿಯೇ ಒದಗಿಸಿತು. ಆಳೊಬ್ಬನು ದಿನಕ್ಕೆ ಎತ್ತುತ್ತಿದ್ದ 16 ಟನ್ನು 59ಕ್ಕೇರಿತು, ಕೂಲಿ 1.15 ಡಾಲರಿನಿಂದ 1.88 ಡಾಲರಿಗೆ ಹೆಚ್ಚಿತು. ಅಂಗಳದಲ್ಲಿ ಉಳಿದವರು 140 ಜನ. ಇವು ಟೇಲರನೇ ಕೊಟ್ಟ ಅಂಕಿಗಳು. ಕೆಲಸವು ಮೂರು ಪಟ್ಟು ಮೀರಿ ಹೆಚ್ಚಿದರೂ ಕೂಲಿ ಎರಡು ಪಟ್ಟಾಗಲಿಲ್ಲವೆಂಬುದು ಇವುಗಳಿಂದಲೇ ತಿಳಿಯುತ್ತದೆ.

ಇನ್ನೊಂದು ಪ್ರಸಂಗವನ್ನೂ ಇಲ್ಲಿ ನೆನೆಯಬೇಕು. ಫಿಚ್‌ಬರ್ಗಿನ ಕಾರ್ಖಾನೆಯೊಂದರಲ್ಲಿ ಬೈಸಿಕಲ್ಲಿನ ಉಕ್ಕಿನ ಗುಂಡುಗಳನ್ನು ಪರೀಕ್ಷಿಸಲು 120 ಹೆಣ್ಣುಮಕ್ಕಳಿದ್ದರು. ಟೇಲರನ ಸಲಹೆಯಂತೆ ದುಡಿಮೆಯ ಅವಧಿ ಹತ್ತೂವರೆ ಗಂಟೆಯಿಂದ ಎಂಟೂವರೆಗೆ ಇಳಿಯಿತು, ನಡುನಡುವೆ ವಿಶ್ರಾಂತಿ ದೊರೆಯಿತು, ಸಂಬಳವೂ ಬಹಳ ಏರಿತು. ಆದರೆ ಆ ಕೆಲಸಕ್ಕೆ 35 ಮಂದಿಯೇ ಸಾಕಾದರು. ಕೈಬಿಟ್ಟವರಲ್ಲಿ ಬುದ್ಧಿವಂತರೂ ಶ್ರಮಜೀವಿಗಳೂ ಇದ್ದರೆಂದು ಆತನೇ ಬರೆದಿದ್ದಾನೆ. ಕಣ್ಣು ಕೈಗಳ ಚುರುಕು ಸಾಲದೆಂಬುದೊಂದೇ ಅವರ ಕೊರತೆ. ಒಡೆಯನಿಗೂ ಆಳಿಗೂ ಏಕಕಾಲಕ್ಕೆ ಸಮೃದ್ಧಿ ಎಂಬ ಆತನ ಮಾತನ್ನು ಒಪ್ಪುವವರು ಈ ಹೆಣ್ಣುಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಬೆತ್ಲೆಹೆಮಿನಲ್ಲಿ ಮೌನ್ಸೆಲ್ ವೈಟ್ ಎಂಬವನೊಡಗೂಡಿ ಕಂಡುಹಿಡಿದ ಅತಿವೇಗದ ಉಕ್ಕಿನ ಉಳಿ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಜಿನಿಯರರನ್ನು ಬೆರಗುಗೊಳಿಸಿತು. ಹೀಗಿದ್ದರೂ ಮೇಲಧಿಕಾರಿಗಳೊಡನೆ ವಿರಸ ಬೆಳೆದು 1901ರಲ್ಲಿ ಕಂಪನಿ ಆತನನ್ನು ಕೈಬಿಟ್ಟಿತು. ಆ ಬಳಿಕ ಟೇಲರನು ಸಲಹೆಗೆ ಹಣ ಪಡೆಯಲಿಲ್ಲ. ಹೆನ್ರಿ ಗ್ಯಾಂಟ್, ಕಾರ್ಲ್ ಬಾರ್ತ್ ಮೊದಲಾದ ಸಹೋದ್ಯೋಗಿಗಳು ವಿಧಾನವನ್ನು ಕಾರ್ಖಾನೆಗಳಿಗೆ ಒಯ್ದರು. ಆತನು ಮನೆಗೆ ಬಂದವರಿಗೆ ಅದನ್ನು ವಿವರಿಸುತ್ತಿದ್ದನು. 1911ರಲ್ಲಿ ಪ್ರಕಟವಾದ ಆತನ ಗ್ರಂಥವು ವೈಜ್ಞಾನಿಕ ವ್ಯವಸ್ಥಾಪನೆ ಎಂಬ ಹೆಸರನ್ನು ದೇಶದೇಶಗಳಿಗೆ ಮುಟ್ಟಿಸಿತು.

ಅದೇ ವರ್ಷದ ಆಗಸ್ಟಿನಲ್ಲಿ ವಾಟರ್‌ಟೌನ್ ಎಂಬಲ್ಲಿನ ಸರ್ಕಾರಿ ಶಸ್ತ್ರಾಗಾರದಲ್ಲಿ, ಗಡಿಯಾರ ಹಿಡಿದು ತಮ್ಮ ಕೆಲಸವನ್ನು ಅಳೆಯುವುದನ್ನು ವಿರೋಧಿಸಿ ಎರಕದ ಕೆಲಸಗಾರರು ಹೊರನಡೆದರು. ವಿಚಾರಣೆಗೆ ಅಮೆರಿಕದ ಕಾಂಗ್ರೆಸ್ ಒಂದು ಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷನಾದ ವಿಲಿಯಂ ವಿಲ್ಸನ್ ಹಿಂದೆ ಗಣಿ ಕಾರ್ಮಿಕನಾಗಿದ್ದವನು. 1912ರ ಜನವರಿಯಲ್ಲಿ ಟೇಲರನು ಅದರ ಮುಂದೆ ಹಲವು ದಿನ ಸಾಕ್ಷ್ಯ ನುಡಿದನು. ಎರಡೂ ಪಕ್ಷಗಳ ಮನಸ್ಸು ಬದಲಾಗದಿದ್ದರೆ ತನ್ನ ವಿಧಾನಕ್ಕೆ ಅರ್ಥವಿಲ್ಲವೆಂದನು. ಆದರೆ ಅಳೆಯುವ ಅಧಿಕಾರದಲ್ಲಿ ಅಳೆಯಲ್ಪಡುವವನಿಗೂ ಪಾಲುಂಟೇ ಎಂಬುದೇ ಕಾರ್ಮಿಕರ ಪ್ರಶ್ನೆಯಾಗಿತ್ತು. ಅದಕ್ಕೆ ಆತನಲ್ಲಿ ಅವರು ಒಪ್ಪುವ ಉತ್ತರವಿರಲಿಲ್ಲ.

1915ರ ಮಾರ್ಚ್ 21ರಂದು, ಐವತ್ತೊಂಬತ್ತು ತುಂಬಿದ ಮರುದಿನವೇ, ಟೇಲರನು ನ್ಯುಮೋನಿಯಾದಿಂದ ಫಿಲಡೆಲ್ಫಿಯಾದಲ್ಲಿ ನಿಧನನಾದನು. ಸೈನ್ಯದ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚಿನಿಂದ ಕೆಲಸ ಅಳೆಯಲು ಸರ್ಕಾರದ ಹಣವನ್ನು ಬಳಸಕೂಡದೆಂದು ಕಾಂಗ್ರೆಸ್ ನಿಷೇಧಿಸಿದ್ದೂ ಅದೇ ವರ್ಷ. ಆ ನಿಷೇಧವು 1949ರವರೆಗೂ ಮುಂದುವರಿಯಿತು.